ನಾಲ್ಕನೇ ಹಂತದ ಮೂವತ್ತೆಂಟು ಸೆಕೆಂಡು

ಹಳೆಯ ವಿಡಿಯೋ ಗೇಮ್‌ಗಳ ಹಾಡು ಕೂಡಿಡುತ್ತೇನೆ ಎಂದರೆ ಜನ ಮೊದಲು ನನ್ನ ವಯಸ್ಸು ಅಂದಾಜು ಮಾಡುತ್ತಾರೆ, ಆಮೇಲೆ ‘ಪಾಪ’ ಅನ್ನುವ ಮುಖ ಮಾಡುತ್ತಾರೆ. ನಲವತ್ತಮೂರು ವರ್ಷ. ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುವುದು. ಈ ಊರಿನ ಅರ್ಧದಷ್ಟು ಅಜ್ಜ ಅಜ್ಜಿಯರು ನನ್ನ ಕೈಕೆಲಸ ತೋರಿಸಿಕೊಂಡೇ ನಗುತ್ತಾರೆ. ಅವರಿಗೆ ನನ್ನ ಪರಿಚಯವಿಲ್ಲ. ನನಗೂ ಅವರ ಬಾಯಿ ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಹಲ್ಲು ಉಜ್ಜುವಾಗ ಕಿವಿಗೆ ಹೆಡ್‌ಫೋನು ಬೇಕೇ ಬೇಕು, ಇಲ್ಲದಿದ್ದರೆ ಆ ಮೆಷಿನ್ನಿನ ಕಿರುಚಾಟಕ್ಕೆ ತಲೆ ಕೆಡುತ್ತದೆ. ಹೇಗೂ ಹಾಕಿಕೊಂಡಿರುತ್ತೇನಲ್ಲ, ಅದರಲ್ಲಿ ಮಿಡಿ ಹಾಡು ಕೇಳುತ್ತೇನೆ. ಮಿಡಿ ಫೈಲಿನಲ್ಲಿ ಸದ್ದು ಇರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಹೊತ್ತು, ಯಾವ ವಾದ್ಯದಲ್ಲಿ ಎಂದು ಬರೆದಿಟ್ಟಿರುತ್ತದೆ, ಅಷ್ಟೇ. ಅದು ಅಡುಗೆಯಲ್ಲ, ಅಡುಗೆ ಮಾಡುವ ವಿಧಾನ ಬರೆದ ಚೀಟಿ. ಯಾವ ಯಂತ್ರಕ್ಕೆ ಕೊಡುತ್ತೀರೋ ಅದು ತನಗೆ ಬಂದಂತೆ ಅಟ್ಟು ಬಡಿಸುತ್ತದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಪಿಟೀಲು ನೆಗಡಿಯಾದ ಸೊಳ್ಳೆಯ ಹಾಗೆ ಕೇಳುತ್ತದೆ, ಮನೆಯ ಹಳೆಯ ಸೌಂಡ್ ಕಾರ್ಡಿನಲ್ಲಿ ಅದೇ ಪಿಟೀಲು ಕಣ್ಣಲ್ಲಿ ನೀರು ತರಿಸುತ್ತದೆ. ಇದನ್ನು ಯಾರಿಗಾದರೂ ವಿವರಿಸಲು ಹೋದರೆ ಅವರಿಗೆ ತಟ್ಟನೆ ಏನೋ ಕೆಲಸ ನೆನಪಾಗುತ್ತದೆ.

ನೆನಪಾಗದವರು ಸುಮಾರು ಮುನ್ನೂರು ಜನ ಇದ್ದಾರೆ. ಎಲ್ಲೆಲ್ಲೋ ಇರುವ ಅಷ್ಟೂ ಜನ ಒಂದು ಗುಂಪು ಮಾಡಿಕೊಂಡಿದ್ದೇವೆ. ಹಳೆಯ ಆಟಗಳ ಹಾಡನ್ನು ಕಿವಿಯಿಂದ ಕೇಳಿ, ಸ್ವರ ಸ್ವರವಾಗಿ ಬರೆದು, ಒಂದೇ ಸಂಗ್ರಹಕ್ಕೆ ಸೇರಿಸುತ್ತೇವೆ. ಕಾಲೇಜಿನ ಗ್ರಂಥಾಲಯದಿಂದ ನಿವೃತ್ತರಾದ ಒಬ್ಬರು ಅದರ ಪಟ್ಟಿ ನೋಡಿಕೊಳ್ಳುತ್ತಾರೆ. ಅವರನ್ನು ಎಲ್ಲರೂ ಲೈಬ್ರರಿಯನ್ ಎಂದೇ ಕರೆಯುತ್ತೇವೆ. ನನ್ನ ಹೆಸರು ಅಲ್ಲಿ ಹಲ್ಲಕ್ಕ. ನಾನು ಬರೆದ ಇನ್ನೂರ ಹನ್ನೆರಡು ಹಾಡು ಅಲ್ಲಿವೆ. ‘ಹಲ್ಲಕ್ಕ ಬರೆದದ್ದಾದರೆ ಮತ್ತೆ ನೋಡಬೇಕಾಗಿಲ್ಲ’ ಎಂಬ ಮಾತು ಗುಂಪಿನಲ್ಲಿ ಇತ್ತು. ಈ ಮಾತು ಕೇಳಿ ನಾನು ಉಬ್ಬುತ್ತಿದ್ದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಒಂದು ಸೋಮವಾರ ಲೈಬ್ರರಿಯನ್ನರ ಪತ್ರ ಬಂತು. ಅವರು ನಾಲ್ಕು ಸಾಲಿನ ವಿಷಯಕ್ಕೂ ಪತ್ರದ ಹಾಗೇ ಬರೆಯುವವರು.

‘ಹಲ್ಲಕ್ಕನವರಿಗೆ ನಮಸ್ಕಾರ. ದೋಣಿ ಆಟದ ನಾಲ್ಕನೇ ಹಂತದ ಹಾಡಿನ ಬಗ್ಗೆ ಒಂದು ಸಂಶಯ. ನಮ್ಮವರೊಬ್ಬರು ಆ ಆಟ ತುಂಬಿಟ್ಟಿರುವ ಕಾರ್ಟ್ರಿಜ್ ಬಿಚ್ಚಿ ಅದರ ಚಿಪ್‌ನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಓದಿಸಿದ್ದಾರೆ. ಹಾಡು ಇರುವುದು ಐವತ್ತೆರಡು ಸೆಕೆಂಡು, ಆಮೇಲೆ ಮತ್ತೆ ಮೊದಲಿಂದ. ನಿಮ್ಮ ಫೈಲು ತೊಂಬತ್ತು ಸೆಕೆಂಡು ಇದೆ. ಉಳಿದ ಮೂವತ್ತೆಂಟು ಎಲ್ಲಿಂದ ಬಂತು? ಬರುವ ಭಾನುವಾರದೊಳಗೆ ತಿಳಿಸಿ. ವಿವರಣೆ ಸಿಗದಿದ್ದರೆ ಆ ಫೈಲು ತೆಗೆಯಬೇಕಾಗುತ್ತದೆ, ನಿಮ್ಮ ಉಳಿದ ಇನ್ನೂರ ಹನ್ನೊಂದಕ್ಕೂ “ಅನುಮಾನ” ಎಂಬ ಗುರುತು ಹಾಕಬೇಕಾಗುತ್ತದೆ. ನನಗೆ ಇಷ್ಟವಿಲ್ಲದ ಕೆಲಸ.’

ಮೈ ಉರಿದುಹೋಯಿತು. ಆ ಹಾಡು ನಾನು ಬರೆದ ಮೊದಮೊದಲಿನವುಗಳಲ್ಲಿ ಒಂದು, ಹದಿನಾರನೇ ವಯಸ್ಸಿನದು. ಗುಂಪಿನವರಿಗೆಲ್ಲ ಅಚ್ಚುಮೆಚ್ಚು, ಅದರಲ್ಲೂ ಆ ಕೊನೆಯ ಮೂವತ್ತೆಂಟು ಸೆಕೆಂಡು. ಒಬ್ಬ ನರ್ಸಮ್ಮ ಡ್ಯೂಟಿ ಮುಗಿಸಿ ಬಸ್ ಹತ್ತಿದ ಕೂಡಲೇ ಅದನ್ನು ಹಾಕಿಕೊಳ್ಳುತ್ತಾರಂತೆ. ಇನ್ನೊಬ್ಬರು ಮೌತ್ ಆರ್ಗನ್ನಿನಲ್ಲಿ ನುಡಿಸಿ ಕಳಿಸಿದ್ದರು. ಈಗ ಗುಂಪಿನಲ್ಲಿ ಯಾರೋ ಒಬ್ಬ, ‘ಹಲ್ಲು ಕಟ್ಟೋರಿಗೆ ಹಾಡು ಕಟ್ಟೋದೇನು ಕಷ್ಟವಾ?’ ಎಂದು ಬರೆದಿದ್ದ. ನಲವತ್ತು ಜನ ನಕ್ಕಿದ್ದರು. ನನಗೆ ನಗು ಬರಲಿಲ್ಲ. ನನ್ನದು ಒಂದೇ ನೇಮ: ಕಿವಿಗೆ ಬಿದ್ದದ್ದನ್ನು ಬರೆಯಬೇಕು, ಬೀಳದ್ದನ್ನು ಬರೆಯಬಾರದು. ಆ ಮೂವತ್ತೆಂಟು ಸೆಕೆಂಡನ್ನು ನಾನು ಕೇಳಿದ್ದೆ. ಕೇಳಿಯೇ ಬರೆದಿದ್ದೆ.

ಆದರೆ ಕೇಳಿದ್ದು ಆಟದಿಂದ ಅಲ್ಲ. ಅದನ್ನು ಇಪ್ಪತ್ತೇಳು ವರ್ಷ ನಾನು ಯಾರಿಗೂ ಹೇಳಿರಲಿಲ್ಲ.

ಟಿವಿಗೆ ಸಿಕ್ಕಿಸಿ ಆಡುವ ಆ ಡಬ್ಬಿ ಇದ್ದದ್ದು ಸೋದರಮಾವನ ಮನೆಯಲ್ಲಿ. ನಮ್ಮ ಮನೆಯಲ್ಲಿ ಅಪ್ಪ ಟೈಪಿಂಗ್ ಕೆಲಸಕ್ಕೆ ತಂದಿಟ್ಟುಕೊಂಡ ಕಂಪ್ಯೂಟರ್ ಇತ್ತು, ಸ್ವರ ಬರೆಯುವ ತಂತ್ರಾಂಶ ಅದರಲ್ಲಿತ್ತು. ಹಾಡು ಒಂದು ಕಡೆ, ಬರೆಯುವವಳು ಒಂದು ಕಡೆ. ಹೋಗಿ ಕೇಳಿಕೊಂಡು ಬರೋಣವೆಂದರೆ ಅತ್ತೆಗೂ ನನಗೂ ಎಣ್ಣೆ ಸೀಗೆಕಾಯಿ. ಅತ್ತೆ ಹಾಡುವಾಗ ಶ್ರುತಿ ಇಳಿಯುತ್ತಿದೆ ಎಂದು ನೆಂಟರ ಮುಂದೆ ಹೇಳಿಬಿಟ್ಟಿದ್ದೆ. ‘ತಪ್ಪಾಯಿತು ಅಂತ ಹೇಳೋವರೆಗೆ ಈ ಮನೆ ಮೆಟ್ಟಿಲು ಹತ್ತಬೇಡ’ ಅಂದಳು ಅತ್ತೆ. ಶ್ರುತಿ ಇಳಿದದ್ದು ನಿಜ ತಾನೆ, ನಾನ್ಯಾಕೆ ಹೇಳಲಿ? ಹತ್ತಲಿಲ್ಲ.

ಹಾಗಾಗಿ ಅಣ್ಣ ಹೋಗುತ್ತಿದ್ದ. ನನಗಿಂತ ನಾಲ್ಕು ವರ್ಷ ದೊಡ್ಡವನು. ಕಿವಿ ನನಗೆ, ಕೈ ಅವನಿಗೆ ಎಂದು ಅಮ್ಮ ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಪಾಲು ಮಾಡಿ ಹಂಚಿಬಿಟ್ಟಿದ್ದಳು. ನಾನು ಸಂಗೀತ ಕಲಿತೆ, ಅವನು ಬಿಚ್ಚಿ ಜೋಡಿಸುವುದನ್ನು ಕಲಿತ. ಭಾನುವಾರ ಬೆಳಿಗ್ಗೆ ಟೇಪ್ ರೆಕಾರ್ಡರನ್ನು ಚೀಲದಲ್ಲಿ ಹಾಕಿಕೊಂಡು ಮಾವನ ಮನೆಗೆ ಹೋಗಿ, ಟಿವಿಯ ಮುಂದಿಟ್ಟು, ಆಟ ಆಡಿ, ಸಂಜೆ ಕ್ಯಾಸೆಟ್ ತಂದುಕೊಡುತ್ತಿದ್ದ. ದೋಣಿ ಮುಳುಗಿದರೆ ಹಾಡು ನಿಂತು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಆದ್ದರಿಂದ ಹಾಡು ಪೂರ್ತಿ ಸಿಗಬೇಕಾದರೆ ಆಡುವವನು ಅಷ್ಟು ಹೊತ್ತು ಸಾಯದೆ ಇರಬೇಕು. ಅಣ್ಣ ಬೇಗ ಸಾಯುತ್ತಿದ್ದ, ನಾನು ಬೈಯುತ್ತಿದ್ದೆ. ಹಾಗೆ ನಲವತ್ತು ಹಾಡು ಬರೆದೆ. ಆಮೇಲೆ ಸ್ವಂತ ಡಬ್ಬಿ ಕೊಂಡು, ಪಕ್ಕದ ಮನೆಯ ಹುಡುಗರ ಕೈಲಿ ಆಡಿಸಿ, ನೇರವಾಗಿ ಕೇಳಿ ಬರೆಯತೊಡಗಿದೆ. ಗುಂಪಿಗೆ ಸೇರುವಾಗ ‘ಎಲ್ಲಿಂದ ಕೇಳಿದ್ದು?’ ಎಂಬ ಖಾನೆಯಲ್ಲಿ ಎಲ್ಲದಕ್ಕೂ ‘ನೇರ ಆಟದಿಂದ’ ಎಂದೇ ತುಂಬಿಸಿದೆ. ಅಣ್ಣನ ಕ್ಯಾಸೆಟ್ಟೂ ಆಟವೂ ಒಂದೇ ಅಲ್ಲವೇ ಎಂದುಕೊಂಡಿದ್ದೆ. ಬರೆದು ಮುಗಿಸಿದ ಹಾಡನ್ನು ಮತ್ತೆ ಆಟದ ಜೊತೆ ಹೋಲಿಸಿ ನೋಡುವ ಅಭ್ಯಾಸ ನನಗಿಲ್ಲ. ಆಟ ಆಡುವುದಂತೂ ಮೊದಲೇ ಬರುವುದಿಲ್ಲ. ಆ ದೋಣಿಯನ್ನು ಎರಡನೇ ಹಂತ ದಾಟಿಸಲೂ ನನ್ನ ಕೈಲಿ ಆಗಿಲ್ಲ.

ಕ್ಯಾಸೆಟ್ಟುಗಳು ಇನ್ನೂ ಇದ್ದವು, ಒಂದು ಚಪ್ಪಲಿ ಡಬ್ಬಿಯಲ್ಲಿ. ಶನಿವಾರ ಬೆಳಿಗ್ಗೆ ರಜೆ ಹಾಕಿ ಹುಡುಕಿದೆ. ‘ದೋಣಿ ೪ – ಚೆನ್ನಾಗಿ ಬಂದಿದೆ’ ಎಂದು ಅಣ್ಣನ ಕೋಳಿ ಕಾಲಿನ ಅಕ್ಷರ. ಟೇಪ್ ರೆಕಾರ್ಡರಿನ ಬೆಲ್ಟು ಸಡಿಲವಾಗಿತ್ತು, ಅದಕ್ಕೊಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ ಹಾಕಿದೆ.

ಮೊದಲ ಸಲ ಕೇಳಿದಾಗ ಕುಣಿಯುವಂತಾಯಿತು. ಇದೆ! ಐವತ್ತೆರಡು ಸೆಕೆಂಡಾದ ಮೇಲೆ ಆ ಭಾಗ ಹಾಗೇ ಇದೆ, ಹಿಂದೆ ದೋಣಿಯ ಇಂಜಿನ್ನಿನ ಗುರುಗುರು ಕೂಡ ಇದೆ. ಲೈಬ್ರರಿಯನ್ನರಿಗೆ ಕ್ಯಾಸೆಟ್ಟನ್ನೇ ಕಳಿಸಿ ಬಾಯಿ ಮುಚ್ಚಿಸುತ್ತೇನೆ ಅಂದುಕೊಂಡೆ. ಎರಡನೇ ಸಲ ಸೆಕೆಂಡು ಎಣಿಸಲು ಕೇಳಿದೆ. ಮೂರನೇ ಸಲ ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ, ಲ್ಯಾಬಿನಲ್ಲಿ ಹಲ್ಲಿನ ಸಂದಿ ನೋಡುವಷ್ಟು ಗಮನ ಕೊಟ್ಟು ಕೇಳಿದೆ.

ಐವತ್ತೆರಡನೇ ಸೆಕೆಂಡಿಗೆ ಟಿವಿಯ ಸದ್ದು ತಗ್ಗುತ್ತದೆ. ‘ಟಿಕ್’ ಎಂದು ಒಂದು ಸ್ವಿಚ್ಚು ಬೀಳುತ್ತದೆ. ಆಮೇಲೆ ಆ ಭಾಗ ಶುರು. ಅದರ ಅಡಿಯಲ್ಲಿ, ತೀರಾ ಸಣ್ಣದಾಗಿ, ಗೋಡೆಯಾಚೆ ಯಾರೋ ಗುನುಗುವ ಹಾಗೆ, ಆಟದ ಹಾಡು ಮತ್ತೆ ಮೊದಲಿಂದ ಬರುತ್ತಿದೆ. ಲೈಬ್ರರಿಯನ್ನರು ಹೇಳಿದ್ದು ಸರಿ. ಮೇಲಿನದು ಆಟದ್ದಲ್ಲ. ಅಡಿಯ ಹಾಡಿಗೆ ಎಲ್ಲೂ ತಾಗದೆ, ಅದರ ಕೈ ಹಿಡಿದುಕೊಂಡೇ ಹೋಗುವಂತೆ ಯಾರೋ ಕಟ್ಟಿ ಬಾರಿಸಿದ್ದು. ಸದ್ದು ಆಟದ ಸದ್ದಿನ ಹಾಗೇ ಕೀಚಲು. ಮಾವನ ಮಗಳ ಆಟಿಕೆ ಕೀಬೋರ್ಡು ಹೀಗೇ ಕೀಚುತ್ತಿತ್ತು.

ಇಡೀ ಮಧ್ಯಾಹ್ನ ಏನೂ ಮಾಡಲಾಗಲಿಲ್ಲ. ಮೂರು ಗಂಟೆಗೆ ಎದ್ದು ಅಣ್ಣನ ಅಂಗಡಿಗೆ ಹೋದೆ.

ಅಣ್ಣ ಕಾರಿನ ಸೀಟು ಹೊಲಿಯುತ್ತಾನೆ. ಅಂಗಡಿ ಎಂದರೆ ಉದ್ದನೆಯ ಶೆಡ್ಡು, ಒಂದು ಗೋಡೆಗೆ ರೆಕ್ಸಿನ್ ಸುರುಳಿಗಳು, ಇನ್ನೊಂದು ಗೋಡೆಗೆ ಬಿಚ್ಚಿದ ಸೀಟುಗಳ ಸಾಲು. ಫೋಮು, ಅಂಟು, ಹೊಸ ರೆಕ್ಸಿನ್ನಿನ ವಾಸನೆ. ಅವನು ದಪ್ಪ ಸೂಜಿಯ ಮೆಷಿನ್ನಿನ ಮುಂದೆ ಬಗ್ಗಿ, ಚಾಕ್‌ಪೀಸಿನ ಗೆರೆಯ ಮೇಲೆ ಹೊಲಿಗೆ ಓಡಿಸುತ್ತಿದ್ದ.

“ಏನ್ ಟೀಚರಮ್ಮ, ಈ ಕಡೆ ಸವಾರಿ?” ಅಂದ. ಚಿಕ್ಕಂದಿನಿಂದ ನನ್ನನ್ನು ಹಾಗೇ ಕರೆಯುವುದು, ತಪ್ಪು ಹುಡುಕುತ್ತೇನೆಂದು.

“ಅಣ್ಣ, ಮಾವನ ಮಗಳ ಹತ್ರ ಒಂದು ಆಟಿಕೆ ಕೀಬೋರ್ಡ್ ಇತ್ತಲ್ಲ, ನೆನಪಿದ್ಯಾ?”

ತಲೆ ಎತ್ತಲಿಲ್ಲ. ಆದರೆ ಹೊಲಿಗೆ ಗೆರೆ ಬಿಟ್ಟು ಪಕ್ಕಕ್ಕೆ ಹೋಯಿತು. ಮೆಷಿನ್ ನಿಲ್ಲಿಸಿ ಅದನ್ನೇ ನೋಡಿದ. ಆಮೇಲೆ ಬ್ಲೇಡು ತೆಗೆದುಕೊಂಡು ಸೊಟ್ಟ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದ.

“ಈಗ ಗೊತ್ತಾಯ್ತಾ?” ಅಂದ.

“ಯಾಕ್ ಹಾಗ್ ಮಾಡ್ದೆ?”

“ಇನ್ನೇನ್ ಮಾಡ್ಲಿ? ಹಾಡು ಅಷ್ಟೇ ಇರೋದು, ಮತ್ತೆ ಮೊದಲಿಂದ ಬರತ್ತೆ ಅಂತ ಮೂರು ವಾರ ಹೇಳ್ದೆ. ನೀನ್ ಏನಂದೆ?”

ನನಗೆ ನಿಜಕ್ಕೂ ನೆನಪಿರಲಿಲ್ಲ.

“‘ನಿಂಗೆ ಅದಕ್ಕಿಂತ ಜಾಸ್ತಿ ಹೊತ್ತು ಬದುಕೋಕೆ ಬರಲ್ಲ. ಸಾಯ್ತೀಯ, ಮೊದಲಿಂದ ಶುರುವಾಗತ್ತೆ, ಅದನ್ನ ಮುಚ್ಚಿಡೋಕೆ ಸುಳ್ಳು ಹೇಳ್ತೀಯ. ಇಂಥಾ ಹಾಡು ಇಷ್ಟಕ್ಕೇ ಮುಗಿಯೋಕೆ ಸಾಧ್ಯಾನೇ ಇಲ್ಲ’ ಅಂದೆ. ಅಮ್ಮನ ಮುಂದೆ ಅಂದೆ. ಅಮ್ಮಾನೂ ನಿನ್ನೇ ನಂಬಿದ್ಳು. ಕಿವಿ ನಿಂದಲ್ವಾ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ನಿಜ ಹೇಳಿದ್ರೆ ಸುಳ್ಳ ಅಂತೀಯ. ಸರಿ, ನಿಂಗೆ ಬೇಕಾದ್ದೇ ತಂದ್ಕೊಡೋಣ ಅಂತ ಆಟಾನ ಮಾವನ ಮಗಳ ಕೈಗೆ ಕೊಟ್ಟು ಕೀಬೋರ್ಡ್ ಮುಂದೆ ಕೂತ್ಕೊಂಡೆ. ಮೂರು ಭಾನುವಾರ ಹಿಡೀತು. ತಂದ್ಕೊಟ್ಟಾಗ ‘ನೋಡ್ದಾ, ನಾನ್ ಹೇಳಿರ್ಲಿಲ್ವಾ’ ಅಂದೆ.”

ಅದು ನೆನಪಿತ್ತು. ಹಾಗೆ ಅಂದು ಕುಣಿದಿದ್ದು ಚೆನ್ನಾಗಿಯೇ ನೆನಪಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಫೋಮಿನ ಮೂಟೆಯ ಮೇಲೆ ಕೂತು ಲೈಬ್ರರಿಯನ್ನರ ಪತ್ರದ ವಿಷಯ ಹೇಳಿದೆ. ಭಾನುವಾರದ ಗಡುವು, ಅನುಮಾನದ ಗುರುತು, ಎಲ್ಲ.

ಅಣ್ಣ ಯೋಚಿಸಿದ. ಕೈಕೆಲಸದವನು, ಕೆಟ್ಟದ್ದಕ್ಕೆಲ್ಲ ತೇಪೆ ಹುಡುಕುವವನು. “ಬೇರೆ ದೇಶದಲ್ಲಿ ಮಾರಿದ ಆಟದಲ್ಲಿ ಹಾಡು ಉದ್ದ ಇತ್ತು, ನಾನ್ ಕೇಳಿದ್ದು ಅದನ್ನ ಅಂತ ಬರೆದುಬಿಡು. ಯಾರು ಹೋಗಿ ನೋಡ್ತಾರೆ?”

ಇದು ನಡೆಯುವಂಥ ಸುಳ್ಳು. ಒಂದೇ ಆಟ ಒಂದೊಂದು ಕಡೆ ಒಂದೊಂದು ರೂಪದಲ್ಲಿ ಬಂದದ್ದುಂಟು, ಎಷ್ಟೋ ಕಾರ್ಟ್ರಿಜ್‌ಗಳು ಕಸ ಸೇರಿ ಯಾವ ಕಾಲವಾಯಿತು. ಲೈಬ್ರರಿಯನ್ನರೂ ಒಪ್ಪುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನನ್ನ ಇನ್ನೂರ ಹನ್ನೆರಡೂ ಉಳಿಯುತ್ತವೆ.

“ಅದನ್ನ ತುಂಬಾ ಜನ ಕೇಳ್ತಾರೆ ಗೊತ್ತಾ?” ಅಂದೆ.

“ಆಟದ ಹಾಡು. ಕೇಳದೆ ಏನು?”

“ಆಟದ್ದಲ್ಲ. ನಿನ್ನ ಭಾಗ. ಒಬ್ಬ ನರ್ಸಮ್ಮ ದಿನಾ ಕೆಲಸ ಮುಗಿಸಿ ಬಸ್ಸಲ್ಲಿ ಅದನ್ನೇ ಹಾಕ್ಕೊಳ್ತಾರೆ. ಯಾರೋ ಮೌತ್ ಆರ್ಗನ್ನಲ್ಲಿ ನುಡಿಸ್ತಾರೆ. ಈ ಆಟದ ಹಾಡು ಕಟ್ಟಿದೋರಿಗೆ ನಮಸ್ಕಾರ ಅಂತ ಜನ ಬರೀತಾರೆ.”

“ಆ ಭಾಗಕ್ಕಾ?”

“ಆ ಭಾಗಕ್ಕೇ.”

ಅಣ್ಣನ ಕೈಯಲ್ಲಿ ಬ್ಲೇಡು ಓಡುತ್ತಲೇ ಇತ್ತು. ಸೊಟ್ಟ ಹೊಲಿಗೆ ಮುಗಿದು, ನೆಟ್ಟಗಿದ್ದ ಹೊಲಿಗೆಯನ್ನೂ ಒಂದು ಗೇಣು ಬಿಚ್ಚಿಹಾಕಿದ್ದ. ಅದು ಅವನಿಗೆ ಗೊತ್ತೇ ಆಗಿರಲಿಲ್ಲ.

ಮನೆಗೆ ನಡೆದುಕೊಂಡೇ ಬಂದೆ. ಆ ಸುಳ್ಳು ದಾರಿಯುದ್ದಕ್ಕೂ ಜೊತೆಗೇ ಬಂತು. ಅದನ್ನು ಹೇಳಿದರೆ ನನ್ನ ಹೆಸರು ಉಳಿಯುತ್ತದೆ, ಅಣ್ಣನ ಹಾಡು ಯಾವುದೋ ಕಂಪನಿಯದೇ ಆಗಿ ಉಳಿಯುತ್ತದೆ. ನಿಜ ಹೇಳಿದರೆ ಹಾಡು ಅವನಿಗೆ ಸಿಗುತ್ತದೆ, ‘ಮತ್ತೆ ನೋಡಬೇಕಾಗಿಲ್ಲ’ ಎಂಬ ಆ ಮಾತು ನನ್ನ ಕೈಬಿಡುತ್ತದೆ. ಆ ಮಾತಿನ ಮೇಲೆ ನನಗೆ ಎಷ್ಟು ಆಸೆ ಎಂದು ಅವತ್ತು ತಿಳಿಯಿತು. ರಸ್ತೆ ದಾಟುವಾಗ ಕಣ್ಣು ತುಂಬಿಬಂತು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಬರೆಯಲು ಕೂತೆ. ‘ತಪ್ಪಾಯಿತು’ ಎಂಬ ಪದ ಟೈಪ್ ಮಾಡಲು ನನಗೆ ಒಂದು ಗಂಟೆ ಹಿಡಿಯಿತು. ಹದಿನಾರನೇ ವಯಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮೊದಲ ನಲವತ್ತು ಹಾಡು ಆಟದಿಂದ ನೇರ ಕೇಳಿದ್ದಲ್ಲ, ಕ್ಯಾಸೆಟ್ಟಿನಿಂದ ಎಂದು ಬರೆದೆ. ಆ ಮೂವತ್ತೆಂಟು ಸೆಕೆಂಡು ಆಟದ್ದೇ ಅಲ್ಲ, ನನ್ನ ಅಣ್ಣ ಕಟ್ಟಿದ್ದು, ಅವನ ಬಾಯಿಂದ ಬಂದ ನಿಜವನ್ನು ನಾನು ನಂಬದೆ ಹೋದದ್ದಕ್ಕೆ ಕಟ್ಟಿದ್ದು ಎಂದು ಬರೆದೆ. ಕಳಿಸಿದ ಮೇಲೆ ಕಂಪ್ಯೂಟರ್ ಮುಚ್ಚಿ ಬಟ್ಟೆ ಒಗೆಯಲು ಹೋದೆ.

ಸಂಜೆ ಉತ್ತರ ಬಂತು. ‘ಹಲ್ಲಕ್ಕನವರಿಗೆ ನಮಸ್ಕಾರ. ಫೈಲು ತೆಗೆದಿದ್ದೇನೆ. ಕ್ಯಾಸೆಟ್ಟಿನಿಂದ ಬರೆದ ಉಳಿದ ಮೂವತ್ತೊಂಬತ್ತಕ್ಕೆ ಅನುಮಾನದ ಗುರುತು ಹಾಕಿದ್ದೇನೆ. ನೀವು ಒಂದೊಂದನ್ನೇ ಆಟದಿಂದ ಕೇಳಿ ಒಪ್ಪಿಸಿದ ಹಾಗೆ ಗುರುತು ತೆಗೆಯುತ್ತೇನೆ. ಆ ಮೂವತ್ತೆಂಟು ಸೆಕೆಂಡಿಗೆ ನಮ್ಮ ಸಂಗ್ರಹದಲ್ಲಿ ಜಾಗವಿಲ್ಲ. ಆದರೆ ನನಗೊಂದು ಪ್ರತಿ ಬೇಕು. ಕಟ್ಟಿದವರ ಹೆಸರು ಹಾಕಿ ಕಳಿಸಿ.’

ಗುಂಪಿನಲ್ಲಿ ಎರಡು ದಿನ ನನ್ನದೇ ಮಾತು. ಕೆಲವರು ಸಮಾಧಾನ ಹೇಳಿದರು, ಕೆಲವರು ಹೇಳಲಿಲ್ಲ. ಹಲ್ಲಕ್ಕನ ಫೈಲನ್ನೂ ಈಗ ಮತ್ತೆ ನೋಡುತ್ತಾರೆ. ನೋಡಲಿ. ನೋವಾಗಲಿಲ್ಲ ಎನ್ನಲಾರೆ.

ಹಾಡಿನಿಂದ ಆ ಭಾಗವನ್ನು ಬೇರೆ ಮಾಡಿ ಹೊಸ ಫೈಲು ಮಾಡಿದೆ. ‘ಕಟ್ಟಿದವರು’ ಎಂಬ ಖಾನೆಗೆ ಬಂದಾಗ ಕೈ ತಡೆಯಿತು. ನನ್ನ ಹಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಅಲ್ಲಿ ‘ಗೊತ್ತಿಲ್ಲ’ ಎಂದೇ ಇದೆ. ಆ ಕಾಲದಲ್ಲಿ ಎಷ್ಟೋ ಆಟಗಳು ಹಾಡು ಕಟ್ಟಿದವರ ಹೆಸರನ್ನೇ ತೋರಿಸುತ್ತಿರಲಿಲ್ಲ. ಆ ಖಾನೆಯಲ್ಲಿ ಅಣ್ಣನ ಹೆಸರನ್ನು ಪೂರ್ತಿ ಬರೆದೆ, ಇನಿಷಿಯಲ್ ಸಮೇತ. ಕಳಿಸುವ ಮೊದಲು ಅವನಿಗೊಮ್ಮೆ ತೋರಿಸೋಣ ಎಂದು ಬುಧವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಲ್ಯಾಬಿನಿಂದ ನೇರ ಅಂಗಡಿಗೆ ಹೋದೆ.

ಅಣ್ಣ ಕೈ ತೊಳೆದುಕೊಂಡು ಬಂದ. ತನ್ನ ಹೆಸರನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಡ್‌ಫೋನು ಹಾಕಿಕೊಂಡ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಚೆನ್ನಾಗಿಯೇ ಕೇಳುತ್ತಿದ್ದವನು ಕೊನೆಗೆ ಬರುವ ಹೊತ್ತಿಗೆ ಹುಳಿ ಕಚ್ಚಿದವನ ಹಾಗೆ ಮುಖ ಮಾಡಿದ.

“ಇಲ್ಲೊಂದು ಸ್ವರ ತಪ್ಪಿದೆ” ಅಂದ.

ನನಗೆ ಎಲ್ಲಿತ್ತೋ ಸಿಟ್ಟು. “ಸಾಧ್ಯಾನೇ ಇಲ್ಲ. ಕ್ಯಾಸೆಟ್ ತಂದು ಕೇಳಿಸ್ಲಾ? ನೀನ್ ಏನ್ ಬಾರಿಸಿದ್ಯೋ ಅದನ್ನೇ ಬರ್ದಿದೀನಿ.”

“ನೀನ್ ಬರೆದದ್ದು ಸರಿ ಕಣೇ. ನಾನ್ ಬಾರಿಸಿದ್ದೇ ತಪ್ಪು. ಅಲ್ಲಿ ಬೆರಳು ಜಾರ್ತು. ಮತ್ತೆ ಬಾರಿಸೋಣ ಅಂದ್ರೆ ಅಷ್ಟೊತ್ತಿಗೆ ಅತ್ತೆ ಬಂದು ಕೀಬೋರ್ಡ್ ಎತ್ತಿಟ್ಟುಬಿಟ್ಳು.”

“ಮತ್ತೆ ಆವಾಗ್ಲೇ ಹೇಳೋಕೇನಾಗಿತ್ತು ನಿಂಗೆ?”

“ಹೇಗ್ ಹೇಳ್ಲಿ?” ಅಂದ ಅಣ್ಣ.

ಹೌದು, ಹೇಗೆ ಹೇಳುತ್ತಾನೆ? ಮನೆಗೆ ಯಾರೇ ಬರಲಿ ನಾನು ಮೊದಲು ಹಾಕುತ್ತಿದ್ದದ್ದು ಆ ಹಾಡನ್ನು. ಇಪ್ಪತ್ತೇಳು ವರ್ಷ, ಪ್ರತಿ ಸಲವೂ ಈ ಸ್ವರ ಬಂದಾಗ ಅವನು ಮುಖ ಹುಳ್ಳಗೆ ಮಾಡುತ್ತಿದ್ದ. ಇವನಿಗೆ ಸಂಗೀತದ ಗಂಧವೇ ಇಲ್ಲ ಎಂದು ನಾನು ಅಮ್ಮನ ಕಡೆ ನೋಡಿ ನಗುತ್ತಿದ್ದೆ. ತನ್ನ ಹಾಡಿನ ಒಂದು ತಪ್ಪು ಸ್ವರವನ್ನು ತಿದ್ದಬೇಕಾದರೆ ಹಾಡು ತನ್ನದು ಎಂದು ಹೇಳಬೇಕಾಗಿತ್ತು, ಹೇಳಿದರೆ ನನ್ನ ಮಾನ ಹೋಗುತ್ತಿತ್ತು. ಅದಕ್ಕೇ ಸುಮ್ಮನೆ ಕೇಳಿಕೊಂಡು ಕೂತಿದ್ದ.

“ತಪ್ಪಾಯ್ತಣ್ಣ” ಅಂದೆ. ಈ ಸಲ ಗಂಟೆ ಹಿಡಿಯಲಿಲ್ಲ.

“ಇರ್ಲಿ ಬಿಡು. ಆ ಸ್ವರ ಸ್ವಲ್ಪ ಮೇಲಿರಬೇಕು.”

ತೆರೆಯ ಮೇಲೆ ಆ ಸ್ವರವನ್ನು ಒಂದು ಮನೆ ಮೇಲಕ್ಕೆ ಸರಿಸಿದೆ. ಕೇಳಿ ತಲೆಯಾಡಿಸಿದ, ಅಲ್ಲ ಅಂತ. ಇನ್ನೊಂದು ಮನೆ ಸರಿಸಿದೆ. ಹೆಡ್‌ಫೋನಿನ ಒಂದು ಕಡೆಯನ್ನು ನನ್ನ ಕಿವಿಗಿಟ್ಟ, ಇನ್ನೊಂದನ್ನು ತನ್ನ ಕಿವಿಗೆ ಒತ್ತಿಕೊಂಡ. ಮೊದಲಿಂದ ಕೊನೆಯವರೆಗೂ ಇಬ್ಬರೂ ಕೇಳಿದೆವು.

“ಈಗ ಕಳ್ಸು” ಅಂದ ಅಣ್ಣ.